ಹಸಿರು ಚುಕ್ಕೆಯ ಪೆಟ್ಟಿಗೆ

ವಿಶ್ವವಿದ್ಯಾಲಯದಲ್ಲಿ ನಮ್ಮ ಅತ್ತೆಗೆ ‘ಸ್ವಿಚ್ಚಮ್ಮ’ ಎಂದೇ ಹೆಸರು. ಹದಿನೆಂಟು ವರ್ಷದಿಂದ ಅಲ್ಲಿ ನೆಲ ಒರೆಸುತ್ತಿದ್ದಾರೆ. ಗುತ್ತಿಗೆ ಕೆಲಸ, ಒಂದು ದೂರು ಬಂದರೆ ಮನೆಗೆ. ಭೂಮಿ ಬಿಸಿಯಾಗುವುದನ್ನು ತಡೆಯಲು ನಾವೇ ಮೊದಲು ಹೆಜ್ಜೆ ಇಡಬೇಕೆಂದು ವಿಶ್ವವಿದ್ಯಾಲಯ ಹೊರಟ ವರ್ಷ ಯಂತ್ರಗಳಿಗೆಲ್ಲ ಚುಕ್ಕೆ ಅಂಟಿಸಿದರು. ಹಸಿರಾದರೆ ಹೋಗುವಾಗ ಆರಿಸಬೇಕು, ಕೆಂಪಾದರೆ ಮುಟ್ಟಬಾರದು.

ಅತ್ತೆಗೆ ಓದು ಬರುವುದಿಲ್ಲ, ಬಣ್ಣ ಬರುತ್ತದೆ. ಕಡೆಗೂ ತನಗೆ ಅರ್ಥವಾಗುವ ಭಾಷೆಯಲ್ಲಿ ಯಾರೋ ಮಾತಾಡಿದರು ಎಂಬಂತೆ ಹಿಗ್ಗಿಹೋದರು. ಮನೆಯಲ್ಲೂ ಅವರದೇ ಕಾರುಬಾರು. ನಾನು ತುತ್ತು ಬಾಯಿಗಿಡುವಷ್ಟರಲ್ಲಿ ಫ್ಯಾನು ನಿಂತಿರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಅವರ ವಿಶ್ವವಿದ್ಯಾಲಯದ ಸುದ್ದಿ ಬಂತು, ಹಿಂದಿನ ವಾರ ಚಿತ್ರೀಕರಿಸಿದ್ದು. ಹವಾಮಾನದ ಪ್ರೊಫೆಸರ್ ಮೇಡಂ, ಚುಕ್ಕೆ ಅಂಟಿಸಿದ ಸಮಿತಿಗೂ ಅವರೇ ಮುಖ್ಯಸ್ಥೆ, ಒಂದು ಉದ್ದನೆಯ ಬಿಳಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಮಾತಾಡುತ್ತಿದ್ದರು. “ಈ ಮಂಜುಗಡ್ಡೆ ತಂದ ಬೆಟ್ಟದಲ್ಲಿ ಈಗ ಮಂಜೇ ಇಲ್ಲ. ಸಾವಿರ ವರ್ಷದ ಗಾಳಿ ಇದರೊಳಗೆ ಗುಳ್ಳೆಗುಳ್ಳೆಯಾಗಿ ಕೂತಿದೆ. ಇನ್ನು ಉಳಿದಿರೋದು ಇಷ್ಟೇ.”

ಪೆಟ್ಟಿಗೆಯ ಮೂಲೆಯಲ್ಲಿ ಹಸಿರು ಚುಕ್ಕೆ ಇತ್ತು.

ಅತ್ತೆಯ ಕೈಯಲ್ಲಿದ್ದ ಲೋಟ ಓರೆಯಾಗಿ ಚಹಾ ಸೀರೆಯ ಮೇಲೆ ಚೆಲ್ಲಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

“ನಿನ್ನೆ ಆ ನೆಲಮಾಳಿಗೆ ನಾನೇ ಗುಡಿಸಿದ್ದು ಕಣೇ,” ಎಂದರು. “ಆ ಕಡೆ ಗುಡಿಸೋಳು ರಜಾ ಹಾಕಿದ್ಲು. ಆ ಪೆಟ್ಟಿಗೆ ಗುಂಯ್ ಅಂತಿತ್ತು. ಹಸಿರು ಇತ್ತಲ್ಲ, ಆರಿಸಿಬಿಟ್ಟೆ.”

ಹಿಂದಿನ ದಿನ ಸಂಜೆ ಐದಕ್ಕೆ ಆರಿಸಿದ್ದು, ಈಗ ಒಂಬತ್ತೂವರೆ. ಹದಿನಾರೂವರೆ ಗಂಟೆ.

ದಾರಿಯುದ್ದಕ್ಕೂ ಅವರು ನನ್ನ ಮಣಿಕಟ್ಟು ಬಿಡಲಿಲ್ಲ. ಭಾನುವಾರದ ಕಾವಲಿನವನಿಗೆ ಸ್ವಿಚ್ಚಮ್ಮ ಪರಿಚಿತರೇ. ಬಕೆಟ್ಟು ಮರೆತೆ ಎಂದದ್ದಕ್ಕೆ ಒಳಗೆ ಬಿಟ್ಟ. ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ ಯಾವ ಸದ್ದೂ ಕೇಳಿಸಲಿಲ್ಲ. ಗುಂಯ್ ಎನ್ನಬೇಕಾದದ್ದು ಸುಮ್ಮನಿತ್ತು, ನನಗೆ ಹೆದರಿಕೆಯಾದದ್ದೇ ಅದಕ್ಕೆ. ಅತ್ತೆ ಓಡಿಹೋಗಿ ಸ್ವಿಚ್ ಹಾಕಿದರು. ಪೆಟ್ಟಿಗೆ ಒಮ್ಮೆ ನಡುಗಿ ಶುರುವಾಯಿತು. ಪುಟ್ಟ ಗಾಜಿನಲ್ಲಿ ಅಂಕಿ ಮೂಡಿತು: ಸೊನ್ನೆಗಿಂತ ಎರಡು ಡಿಗ್ರಿ ಮೇಲೆ. ಪಕ್ಕದ ಚೀಟಿಯಲ್ಲಿ ಬರೆದಿದ್ದದ್ದು ಮೂವತ್ತು ಡಿಗ್ರಿ ಕೆಳಗೆ ಎಂದು.

“ಮುಚ್ಚಳ ತೆಗೆದು ನೋಡ್ಲಾ?” ಎಂದೆ.

“ಮುಟ್ಟಬೇಡ. ತೆಗೆದ್ರೆ ಇರೋ ತಂಪೂ ಹೋಗುತ್ತೆ.”

ಆಮೇಲೆ ನಾನು ಆಡಿದ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. “ಅತ್ತೆ, ಹಾಕಾಯ್ತಲ್ಲ. ನಾಳೆ ಬೆಳಿಗ್ಗೆ ಹೊತ್ತಿಗೆ ಮತ್ತೆ ಗಟ್ಟಿಯಾಗಿರುತ್ತೆ. ಯಾರಿಗೂ ಗೊತ್ತಾಗಲ್ಲ. ಬನ್ನಿ ಹೋಗೋಣ.”

ಅತ್ತೆ ಬಾಗಿಲ ಕಡೆ ನೋಡಿದರು. ಮನೆ ನಡೆಯುವುದೇ ಆ ಕೆಲಸದಿಂದ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

“ಕರಗಿದ್ದು ಗಟ್ಟಿಯಾಗುತ್ತೆ ಸರಿ,” ಎಂದರು. “ಅದರೊಳಗಿನ ಗಾಳಿ ವಾಪಸ್ ಬರುತ್ತಾ? ಫೋನ್ ಮಾಡು.”

ಮೇಡಂ ನಂಬರು ಗೋಡೆಯ ಮೇಲೆಯೇ ಇತ್ತು. ಅರ್ಧ ಗಂಟೆಯಲ್ಲಿ ಮನೆಯ ಚಪ್ಪಲಿಯಲ್ಲೇ ಬಂದರು. ಅತ್ತೆ ಗೋಡೆಗೆ ಆತು ನಿಂತು ಅಷ್ಟೂ ಹೇಳಿದರು. ಮೇಡಂ ಕೈಗವಸು ಹಾಕಿ, ಮುಚ್ಚಳ ಎತ್ತಿ, ಒಂದು ತುಂಡನ್ನು ದೀಪಕ್ಕೆ ಹಿಡಿದರು.

“ಮೇಲಿನ ಸಾಲು ಹೋಯ್ತು,” ಎಂದರು. “ಅಂಚು ಕರಗಿ ಹೆಪ್ಪುಗಟ್ಟಿದೆ. ಕೆಳಗಿನದು ಉಳಿದಿದೆ.” ಆಮೇಲೆ ಅತ್ತೆಯನ್ನು ನೋಡಿ, “ನೀವು ಹೇಳದೇ ಇದ್ದಿದ್ರೆ ಈ ಹಾಳಾದ ತುಂಡನ್ನೇ ಅಳೆದು, ಸುಳ್ಳು ಲೆಕ್ಕ ಬರೆದು, ನಿಜ ಅಂತ ಊರಿಗೆಲ್ಲ ಹೇಳ್ತಿದ್ದೆ,” ಎಂದರು.

“ಯಾಕೆ ಆರಿಸಿದ್ರಿ?” ಎಂದು ಕೇಳಿದಾಗ ಅತ್ತೆ ಬೆರಳು ತೋರಿಸಿದರು.

ಮೇಡಂ ಬಗ್ಗಿ ಆ ಚುಕ್ಕೆಯನ್ನು ನೋಡಿದರು. ಚುಕ್ಕೆ ಹಳೆಯದು, ಅಂಚು ಹಳದಿಯಾಗಿತ್ತು. ಮೇಡಂ ನಡೆಸುವ ಪ್ರಯೋಗಾಲಯದವರು ಹನ್ನೆರಡು ವರ್ಷದ ಹಿಂದೆಯೇ ಹಸಿರು ಚುಕ್ಕೆ ಇಟ್ಟುಕೊಂಡಿದ್ದರಂತೆ. ಅವರಲ್ಲಿ ಹಸಿರೆಂದರೆ ‘ಅಮೂಲ್ಯ, ಮುಟ್ಟಬೇಡಿ’. ಮೇಡಂ ಅದನ್ನು ಉಗುರಿನಿಂದ ಕೆರೆದು ತೆಗೆದರು. ಆಮೇಲೆ ಕಪಾಟಿನಿಂದ ದಪ್ಪ ದಾಖಲೆ ಪುಸ್ತಕ ತೆಗೆದು ಏನೋ ಬರೆದು ಅತ್ತೆಯ ಮುಂದಿಟ್ಟರು.

“ಇಲ್ಲಿ ಸಹಿ ಹಾಕಿ.”

ಹಾಜರಿ ಪುಸ್ತಕಕ್ಕಾಗಿ ಅತ್ತೆ ಕಲಿತದ್ದು ತಮ್ಮ ಹೆಸರೊಂದನ್ನೇ. ಕೆಲಸ ಹೋಗುವ ಕಾಗದ ಎಂದುಕೊಂಡೇ ಅವರು ಪೆನ್ನು ಹಿಡಿದರು. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಸಹಿಯಾದ ಮೇಲೆ ನನ್ನ ಕಿವಿಯಲ್ಲಿ, “ಏನ್ ಬರೆದಿದ್ದಾರೆ ಓದೇ,” ಎಂದರು.

ಓದಿದೆ. “ಪೆಟ್ಟಿಗೆ ಹದಿನೇಳು ಗಂಟೆ ಆರಿತ್ತು. ಮೇಲಿನ ಸಾಲನ್ನು ಅಳತೆಗೆ ಬಳಸಬಾರದು. ಪ್ರಯೋಗಾಲಯಕ್ಕೂ ಸಮಿತಿಗೂ ಹಸಿರು ಚುಕ್ಕೆ ಗೊತ್ತುಮಾಡಿದ್ದು ನಾನೇ, ತಪ್ಪು ನನ್ನದು. ಸಮಯಕ್ಕೆ ತಿಳಿಸಿ ಉಳಿಸಿದವರು:” ಅದರ ಮುಂದೆ ಅತ್ತೆಯ ಸೊಟ್ಟ ಸಹಿ.

ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತರು. ನನಗೂ ಅಳು ಬಂತು.

ಕೆಲಸ ಉಳಿಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಈಗಲೂ ಮನೆಯಲ್ಲಿ ಯಾವ ಸ್ವಿಚ್ಚಿಗೆ ಕೈಯಿಡುವ ಮೊದಲೂ ಅತ್ತೆ ನನ್ನ ಕಡೆ ತಿರುಗಿ ಕೇಳುತ್ತಾರೆ: “ಇದನ್ನ ಆರಿಸಿದ್ರೆ ಯಾವುದೂ ಸಾಯಲ್ಲ ತಾನೆ?”