ರಾವಸಾಬನ ಡಮ್ಮಿ ಕಾಡತೂಸು

ಅಗರಖೇಡದ ರಾವಸಾಬ ಬಂದೂಕಿನ ವಿಷಯದಲ್ಲಿ ಹುಟ್ಟಿಸಿದ ತಂದೆಯನ್ನೂ ನಂಬುವವನಲ್ಲ. ಫೌಜಿನಿಂದ ನಿವೃತ್ತನಾದ ಮೇಲೆ ಸ್ವಂತ ಲೈಸೆನ್ಸಿನ ರೈಫಲ್ ಹೆಗಲಿಗೇರಿಸಿ, ಎಟಿಎಂಗಳಿಗೆ ರೊಕ್ಕ ತುಂಬುವ ಗಾಡಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಸುತ್ತುತ್ತಿದ್ದ. ಹೊಸದಾಗಿ ಸೇರಿದ ಗಾರ್ಡುಗಳು ಅವನ ಕೈಯಲ್ಲಿ ಬೈಸಿಕೊಂಡೇ ಪಳಗಿದವರು. "ಖಾಲಿ ಐತಿ ಅಂತ ಯಾರರ ಅಂದ್ರ ನಂಬಬ್ಯಾಡ್ರಿ. ನಿಮ್ಮ ಬೆರಳಷ್ಟ ನಂಬ್ರಿ" ಎನ್ನುತ್ತಿದ್ದ.

ಆ ವರ್ಷ ರೈಫಲ್ಲಿನ ಮ್ಯಾಗಝಿನ್ ಕೈಕೊಟ್ಟಿತು. ಸ್ಪ್ರಿಂಗ್ ಸೋತು ಗುಂಡುಗಳು ಅರ್ಧದಲ್ಲೇ ಸಿಕ್ಕಿಬೀಳುತ್ತಿದ್ದವು. ಹೊಸ ಸ್ಪ್ರಿಂಗ್ ಹಾಕಿದ. ಅದನ್ನು ಅಸಲಿ ಗುಂಡಿನಿಂದ ಪರೀಕ್ಷಿಸುವುದು ಹುಚ್ಚರ ಕೆಲಸ. ಹಾಗಾಗಿ ಇಂಡಿಯ ಲೇತ್ ಅಂಗಡಿಯ ಮೈಬೂಬನ ಕಡೆ ಹಿತ್ತಾಳೆಯ ಡಮ್ಮಿ ಕಾಡತೂಸು ಮಾಡಿಸಿದ. ಮದ್ದಿಲ್ಲ, ಬುಡದಲ್ಲಿ ಕಿಡಿ ಹಾರಿಸುವ ಕ್ಯಾಪಿಲ್ಲ, ಹೊಟ್ಟೆಯಲ್ಲಿ ಆರಪಾರ ಒಂದು ತೂತು.

"ತೂತ ಯಾಕ್ರಿ ಕಾಕಾ? ದಾರ ಪೋಣಿಸಿ ಕೊಳ್ಳಾಗ ಹಾಕ್ಕೊಂತೀರೇನು?" ಮೈಬೂಬ ನಕ್ಕ.

"ಕತ್ತಲದಾಗೂ ಬೆರಳಿಗೆ ತಿಳಿಬೇಕಪಾ, ಇದು ಸತ್ತ ಗುಂಡು ಅಂತ."

ಅಸಲಿ ಗುಂಡುಗಳು ಚರ್ಮದ ಪಟ್ಟಿಯಲ್ಲಿ, ಡಮ್ಮಿಗಳು ಬಿಸ್ಕೀಟಿನ ಡಬ್ಬಿಯಲ್ಲಿ. ಒಂದರ ಗಾಳಿ ಒಂದಕ್ಕೆ ತಾಗುವಂತಿರಲಿಲ್ಲ.

ಆಯುಧಗಳಿಗೆಲ್ಲ ಪೂಜೆ ಮಾಡುವ ಖಂಡೇಪೂಜೆಯ ಮರುದಿನ ಬೆಳಿಗ್ಗೆ ರಾವಸಾಬ ಡಬ್ಬಿ ತೆರೆದ. ಡಮ್ಮಿಗಳೆಲ್ಲ ವಿಭೂತಿ, ಕುಂಕುಮ ಮೆತ್ತಿಕೊಂಡು ಮದುಮಕ್ಕಳ ಹಾಗೆ ಕೂತಿದ್ದವು. ತೂತುಗಳಲ್ಲೂ ವಿಭೂತಿ ತುಂಬಿ ಗಟ್ಟಿಯಾಗಿತ್ತು. ಸತ್ತ ಗುಂಡಿಗೂ ಪೂಜೆ ಮಾಡಿದ್ದಾಳಲ್ಲ ನಮ್ಮಾಕಿ ಎಂದು ಹೆಂಡತಿ ಸಾವಿತ್ರವ್ವನ ಭಕ್ತಿಗೆ ಅವನಿಗೆ ನಗು ಬಂತು. ಬೆರಳಾಡಿಸಿ ನೋಡುವುದು ಬಿಟ್ಟು, ನಗುತ್ತಲೇ ಮ್ಯಾಗಝಿನ್ನಿಗೆ ತುಂಬಿದ.

ದಿನಾ ರೈಫಲ್ ಹಿಡಿದು ಅವನು ಕೂರುತ್ತಿದ್ದುದು ಹಿತ್ತಲಿನಲ್ಲಿ, ಎರೆಮಣ್ಣಿನ ಗುಡ್ಡೆಗೆ ಎದುರಾಗಿ. ಅಂದು ಅಲ್ಲಿ ಪೂಜೆಯ ಟ್ರ್ಯಾಕ್ಟರ್ ಕಬ್ಬು ಕಟ್ಟಿಕೊಂಡು ನಿಂತಿತ್ತು. ಡಮ್ಮಿ ತಾನೇ ಎಂದು ಪಡಸಾಲೆಯಲ್ಲೇ ಕೂತ. ರೈಫಲ್ಲಿನ ನಳಿಗೆ ಅಡುಗೆಮನೆಯ ತಗಡಿನ ಗೋಡೆಯ ಕಡೆಗಿತ್ತು. ಆಚೆ, ಮೊನ್ನೆಯಷ್ಟೇ ತವರಿನಿಂದ ಕೂಸಿನೊಂದಿಗೆ ಬಂದ ಸೊಸೆ ಭಾಗ್ಯಾ ಹೋಳಿಗೆ ಲಟ್ಟಿಸುತ್ತಿದ್ದಳು.

ಬೋಲ್ಟ್ ಎಳೆದು ತಳ್ಳಿದ. ಗುಂಡು ಸರಾಗವಾಗಿ ಮೇಲೇರಿತು. ಕುದುರೆ ಒತ್ತಿದ, ಟಕ್. ಮತ್ತೊಂದು, ಟಕ್. ಸ್ಪ್ರಿಂಗ್ ಒಳ್ಳೇ ಕೆಲಸ ಮಾಡುತ್ತಿತ್ತು. ಖುಷಿಯಿಂದ ಮತ್ತೊಂದನ್ನು ಒಳಗೆ ತಳ್ಳಿ ಕುದುರೆಯ ಮೇಲೆ ಬೆರಳಿಟ್ಟ.

ಅಷ್ಟರಲ್ಲಿ ಸಾವಿತ್ರವ್ವ ಚರ್ಮದ ಪಟ್ಟಿ ಹಿಡಿದು ಬಂದಳು. "ಇದನ್ನ ಎಲ್ಲಿ ಸಿಗಿಸಲ್ರಿ? ಎಲ್ಲಾ ಒಂದ ತಾಟಿನ್ಯಾಗ ಇಟ್ಟು ಪೂಜಾ ಮಾಡಿದ್ನಿ."

ರಾವಸಾಬನ ಬೆರಳು ನಿಂತಿತು. ಕುದುರೆ ಅರ್ಧ ಹಿಂದೆ ಸರಿದಿತ್ತು. ಒಂದೇ ತಾಟು! ಅವಳಿಗೆ ಯಾವುದು ಅಸಲಿ, ಯಾವುದು ಸತ್ತದ್ದು ಏನು ಗೊತ್ತು? ಗೋಡೆಯಾಚೆ ಲಟ್ಟಣಿಗೆಯ ಸದ್ದು ನಡೆದೇ ಇತ್ತು. ಉಸಿರು ಬಿಟ್ಟರೂ ಬೆರಳು ಅಲುಗೀತೆಂಬ ಭಯ. ಬೆವರು ಕಣ್ಣಿಗೆ ಇಳಿಯಿತು. ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬೆರಳು ಸಡಿಲಿಸಿ, ನಳಿಗೆಯನ್ನು ಬಾಗಿಲಾಚೆಯ ಬಯಲಿಗೆ ತಿರುಗಿಸಿ ಬೋಲ್ಟ್ ಎಳೆದ. ಗುಂಡು ಚಾಪೆಯ ಮೇಲೆ ಬಿತ್ತು. ಧೋತರದ ಚುಂಗಿನಿಂದ ಒರೆಸಿದ. ತೂತಿರಲಿಲ್ಲ. ಬುಡದಲ್ಲಿ ಕ್ಯಾಪು ಮಿರಮಿರ ಮಿಂಚಿತು.

ಸಾವಿತ್ರವ್ವ ಅವನ ಮುಖ ನೋಡಿ ಪಟ್ಟಿ ಕೆಳಗಿಟ್ಟಳು. "ನಂದ ತಪ್ಪಾತ್ರಿ…"

"ನಿಂದಲ್ಲ ಬಿಡ. ನಳಗಿ ಅತ್ಲಾಗ ಹಿಡಿದಾಂವ ನಾನು" ಎಂದ. ತನ್ನ ಮೇಲೆ ತನಗೇ ಹೇಸಿಗೆ ಬಂತು.

ರೈಫಲ್ಲನ್ನು ಖಾಲಿ ಮಾಡಿ ಕಪಾಟಿಗೆ ಬೀಗ ಹಾಕಿ, ಅಡುಗೆಮನೆಗೆ ಹೋದ. ಭಾಗ್ಯಾ ತಲೆ ಎತ್ತಿದಳು. "ಯಾಕ್ರಿ ಮಾಮಾ, ಮಾರಿ ಎಲ್ಲಾ ಬೆವತೈತಲ್ಲ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಈಗ ನನ್ನ ಕೈಯಿಂದ ಗುಂಡ ಹಾರತಿತ್ತವ್ವಾ. ಈ ತಗಡ ಹರಕೊಂಡು ನಿನಗ ಬಡೀತಿತ್ತು."

ಭಾಗ್ಯಾ ಲಟ್ಟಣಿಗೆ ಕೆಳಗಿಟ್ಟಳು. ಎದ್ದು ತಗಡಿನ ಹತ್ತಿರ ಹೋಗಿ, ಅಲ್ಲಿ ಕೌದಿಯ ಮೇಲೆ ಮಲಗಿದ್ದ ಕೂಸನ್ನು ಎತ್ತಿ ಎದೆಗವಚಿಕೊಂಡಳು.