ತೊಟ್ಟಿಯ ನೀರು ನೋಡಲು ಕೊಂಡ ಮೂರು ಡಬ್ಬಿ

ನಮ್ಮ ಹಿತ್ತಲಿನ ಮೀನುಗಳು ಸಾಯಲು ಶುರುವಾದದ್ದು ಶ್ರಾವಣದಲ್ಲಿ. ಕಾರ್ತೀಕ ಬರುವ ಹೊತ್ತಿಗೆ ಹದಿನಾಲ್ಕರಲ್ಲಿ ಆರು ಉಳಿದಿದ್ದವು. ನನ್ನ ಗಂಡನ ತಾಳ್ಮೆ ಅಷ್ಟೂ ಉಳಿದಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತಿದು. ವಿನೋಬನಗರದಲ್ಲಿ ನಾವು ಮನೆ ಕಟ್ಟಿಸುವಾಗ ಸಿಮೆಂಟು ಕಲಸುವ ನೀರಿಗೆಂದು ಮೇಸ್ತ್ರಿ ಹಿತ್ತಲಿನಲ್ಲಿ ದೊಡ್ಡದೊಂದು ತೊಟ್ಟಿ ಕಟ್ಟಿದ್ದ. ಮನೆ ಮುಗಿದ ಮೇಲೆ ಅದನ್ನು ಒಡೆದು ಹಾಕಬೇಕಿತ್ತು. ನಾನು ಬಿಡಲಿಲ್ಲ. ಅದಕ್ಕೆ ನೀರು ತುಂಬಿಸಿ, ಒಂದಿಷ್ಟು ಪಾಚಿ ಕಟ್ಟಲು ಬಿಟ್ಟು, ಕೆಂಪು ಬಿಳಿ ಮೀನು ತಂದು ಬಿಟ್ಟೆ. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಮೀನೇ ಎಂದು ಅತ್ತೆ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಮೂರನೆಯ ದಿನ ನೋಡಿದರೆ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ಹಾಕುತ್ತಿದ್ದಾರೆ. ಆಮೇಲೆ ಅವು ನನ್ನ ಮೀನುಗಳಾಗಿ ಉಳಿಯಲಿಲ್ಲ, ಅವರವೇ ಆದವು.

ಎಂಟನೆಯದು ತೇಲಿದ ಬೆಳಿಗ್ಗೆ ಗಂಡ ಹಲ್ಲುಜ್ಜುತ್ತಲೇ ತೀರ್ಪು ಕೊಟ್ಟರು. "ಬರೋ ಬುಧವಾರ ಬಿಟ್ಟು ಅದರಾಚೆ ಬುಧವಾರ ಕಾಂಪೌಂಡು ಎತ್ತರಿಸೋಕೆ ಮೇಸ್ತ್ರಿ ಬರ್ತಾನೆ. ಒಡೆದ ಕಲ್ಲು ಮಣ್ಣೆಲ್ಲ ಈ ತೊಟ್ಟಿಗೇ ತುಂಬಿಸ್ತೀನಿ. ಮೇಲೆ ಸ್ಕೂಟರ್ ನಿಲ್ಲಿಸಬಹುದು. ದಿನಾ ಎದ್ದು ಹೆಣ ನೋಡೋಕೆ ನನ್ನ ಕೈಲಾಗಲ್ಲ."

ನನಗೆ ರೇಗಿತು. ರೇಗಿದರೆ ನಾನು ಜಗಳ ಆಡುವವಳಲ್ಲ, ಏನಾದರೂ ಮಾಡಿ ತೋರಿಸುವವಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ, ವಿಜ್ಞಾನಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ನನ್ನ ತವರು ಭದ್ರಾವತಿ. ಅಲ್ಲಿ ನನ್ನ ಅಣ್ಣ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದ. ಅಷ್ಟು ಹತ್ತಿರ ವೈದ್ಯನನ್ನು ಇಟ್ಟುಕೊಂಡು ಎಂಟು ಹೆಣ ಹೂತಿದ್ದೆನಲ್ಲ ಎಂದು ತಲೆ ಚಚ್ಚಿಕೊಂಡೆ.

ಭಾನುವಾರ ಖಾಲಿ ಉಪ್ಪಿನಕಾಯಿ ಬಾಟಲಿ ತೊಳೆದು, ತೊಟ್ಟಿಯ ನೀರು ತುಂಬಿಕೊಂಡು ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವಾಗ ರಸ್ತೆಯ ಗುಂಡಿಗೆ ಬಾಟಲಿ ಕುಲುಕಿ ಪಕ್ಕದ ಹೆಂಗಸಿನ ಮಡಿಲಿಗೆ ನಾಲ್ಕು ಹನಿ ಬಿತ್ತು. ಏನು ನೀರು ಎಂದು ಕೇಳಿದರು. ಮೀನಿನದು ಎಂದೆ. ಅವರು ಭದ್ರಾವತಿಯವರೆಗೂ ನಿಂತೇ ಬಂದರು.

ಅಣ್ಣ ಕ್ವಾರ್ಟರ್ಸಿನ ಅಡುಗೆಮನೆಯಲ್ಲೇ ಒಂದು ಕಾಗದದ ಪಟ್ಟಿ ಹರಿದು ನನ್ನ ನೀರಿಗೆ ಅದ್ದಿದ. ಪಟ್ಟಿ ಕಿತ್ತಳೆ ಬಣ್ಣಕ್ಕೆ ತಿರುಗಿತು.

"ಆಸಿಡ್! ಯಾರೋ ನಮ್ಮ ತೊಟ್ಟಿಗೆ ಆಸಿಡ್ ಹಾಕಿದ್ದಾರೆ!" ಎಂದು ನಾನು ಕೂಗಿಯೇಬಿಟ್ಟೆ. ಪಕ್ಕದ ಮನೆಯವರ ಮೇಲೆ ಅನುಮಾನವೂ ಆಗಲೇ ಹುಟ್ಟಿಬಿಟ್ಟಿತ್ತು.

ಅಣ್ಣ ಬಾಟಲಿ ಮೂಸಿದ. ಮುಚ್ಚಳ ಮೂಸಿದ. ಆಮೇಲೆ ಗೋಡೆಗೆ ಒರಗಿ ನಗತೊಡಗಿದ. "ಮಾರಾಯ್ತಿ, ಇದು ತೊಟ್ಟಿ ನೀರಲ್ಲ, ನಿಂಬೆಕಾಯಿ ನೀರು. ಮುಚ್ಚಳ ಯಾರು ತೊಳೀಬೇಕಿತ್ತು?"

ನಾಚಿಕೆಯಾಯಿತು, ಆದರೆ ಆ ಬಣ್ಣ ತಿರುಗಿದ್ದು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ನೀರು ಬಾಯಿ ಬಿಟ್ಟು ಮಾತಾಡುತ್ತದೆ! ನೋಡುವುದಕ್ಕೆ ಒಂದೇ ಥರ ಇರುವ ನೀರು ಒಂದು ಕಾಗದದ ತುಂಡಿಗೆ ತನ್ನ ಹೊಟ್ಟೆಯಲ್ಲಿರುವುದನ್ನೆಲ್ಲ ಹೇಳಿಬಿಡುತ್ತದೆ. ನಾಲ್ಕು ಲೋಟದಲ್ಲಿ ನಲ್ಲಿ ನೀರು, ಸೋಪಿನ ನೀರು, ಮಜ್ಜಿಗೆ, ಅತ್ತಿಗೆಯ ಸಾರು ಎಲ್ಲಕ್ಕೂ ಪಟ್ಟಿ ಅದ್ದಿ ನೋಡಿದೆ. ಅತ್ತಿಗೆ ಸಾರಿನ ಪಾತ್ರೆ ಕಸಿದುಕೊಂಡರು.

"ನೀರು ಹೊತ್ಕೊಂಡು ಊರೂರು ತಿರುಗಬಾರದು, ಪರೀಕ್ಷೆ ಕಿಟ್ಟೇ ನೀರಿನ ಹತ್ರ ಹೋಗಬೇಕು. ನೀನೇ ಒಂದು ತಗೋ" ಎಂದ ಅಣ್ಣ. ತಗೊಳ್ಳುವುದು ಹೇಗೆ ಎಂದೂ ಹೇಳಿದ. ಮೀನಿನ ತೊಟ್ಟಿಗೆ ಮುಖ್ಯವಾಗಿ ಮೂರೇ ಪ್ರಶ್ನೆ. ನೀರು ಹುಳಿಯೋ ಕ್ಷಾರವೋ, ಕೊಳೆತದ್ದರಿಂದ ಬರುವ ಅಮೋನಿಯಾ ಇದೆಯೋ, ನಲ್ಲಿ ನೀರಿನ ಕ್ಲೋರಿನ್ ಉಳಿದಿದೆಯೋ. ಇಷ್ಟಕ್ಕೆ ಉತ್ತರ ಕೊಡುವುದು ಸಾಕು, ಡಬ್ಬಿಯ ಮೇಲಿನ ಮೀನಿನ ಚಿತ್ರಕ್ಕೆ ದುಡ್ಡು ಕೊಡಬೇಡ. ಹೊರಡುವಾಗ ಮತ್ತೆ ಕೂಗಿ ಹೇಳಿದ: "ಮೊದಲು ಡೇಟ್ ನೋಡು! ಮತ್ತೆ ಈಗಲೇ ಹೋಗಿ ನಲ್ಲಿ ನೀರು ಹಿಡಿದಿಡು, ಎರಡು ದಿನಕ್ಕೆ ಕ್ಲೋರಿನ್ ಹೋಗುತ್ತೆ, ಆಮೇಲೆ ತೊಟ್ಟಿಯ ಮೂರರಲ್ಲಿ ಒಂದು ಭಾಗ ಬದಲಾಯಿಸು!"

ನೀರು ಬದಲಾಯಿಸಿದೆ. ಗುರುವಾರ ಶಾಲೆ ಬಿಟ್ಟವಳೇ ಮೀನಿನ ಅಂಗಡಿಗೆ ಹೋದೆ. ಗಾಜಿನ ಕಪಾಟಿನೊಳಗೆ ಪರದೇಶದ ಒಂದು ಪೆಟ್ಟಿಗೆ ಇತ್ತು. ಏಳು ಪುಟ್ಟ ಸೀಸೆ, ನಾಲ್ಕು ಗಾಜಿನ ಕೊಳವೆ, ನುಣುಪಾದ ಬಣ್ಣದ ಪುಸ್ತಕ. ಆಹಾ! ಮದುವೆಯಲ್ಲಿ ನನ್ನ ಒಡವೆ ಪೆಟ್ಟಿಗೆಯನ್ನೂ ನಾನು ಹಾಗೆ ಆಸೆಯಿಂದ ನೋಡಿರಲಿಲ್ಲ. ಬೆಲೆ ಕೇಳಿದೆ. ಆ ದುಡ್ಡಿಗೆ ಒಳ್ಳೆಯ ಪ್ರೆಷರ್ ಕುಕ್ಕರ್ ಬರುತ್ತಿತ್ತು. ಆದರೂ ಕೈ ಪರ್ಸಿಗೆ ಹೋಗಿತ್ತು. ಆಗ ಅಣ್ಣನ ಮಾತು ನೆನಪಾಗಿ ಪೆಟ್ಟಿಗೆ ತಿರುಗಿಸಿ ನೋಡಿದರೆ ಔಷಧಿಯ ಅವಧಿ ಮುಗಿದು ವರ್ಷವಾಗಿತ್ತು.

"ಇದಕ್ಕೇನಾಗಲ್ಲ ಮೇಡಂ, ಸೀಲ್ ಇದೆ" ಎಂದ ಅಂಗಡಿಯವನು.

"ಸೀಲ್ ಒಳಗೆ ಮೊಸರಿಟ್ಟರೂ ಹುಳಿಯಾಗುತ್ತಪ್ಪ" ಎಂದು ಹೇಳಿ ಬಂದೆ. ಒಂದೇ ಪಟ್ಟಿಯಲ್ಲಿ ಐದು ಬಣ್ಣ ಬರುವ ಇನ್ನೊಂದು ಡಬ್ಬಿಯನ್ನೂ ತೋರಿಸಿದ್ದ. ಮುಚ್ಚಳ ತೆಗೆದಿಟ್ಟರೆ ನಮ್ಮೂರಿನ ಮಳೆಗಾಲದ ತೇವಕ್ಕೆ ಅದು ಹಪ್ಪಳದಂತೆ ಮೆತ್ತಗಾಗುವುದು ಗ್ಯಾರಂಟಿ ಎನಿಸಿ ಅದನ್ನೂ ಬಿಟ್ಟೆ.

ಕೊನೆಗೆ ಸಿಕ್ಕಿದ್ದು ಕಾಲೇಜುಗಳಿಗೆ ಲ್ಯಾಬಿನ ಸಾಮಾನು ಮಾರುವ ಧೂಳು ತುಂಬಿದ ಅಂಗಡಿಯಲ್ಲಿ. ಬೆಂಕಿಪೊಟ್ಟಣದಷ್ಟು ಅಗಲದ ಪಟ್ಟಿಗಳ ಪುಸ್ತಕ, ಪಕ್ಕದಲ್ಲೇ ಬಣ್ಣದ ಚೀಟಿ. ಅಮೋನಿಯಾಕ್ಕೆ ಹನಿ ಹಾಕುವ ಸೀಸೆ, ಕ್ಲೋರಿನ್‌ಗೆ ಇನ್ನೊಂದು, ಎರಡೂ ಚಂದವಿಲ್ಲದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಡೇಟ್ ಹೊಸದು. ಮೂರೂ ಸೇರಿ ಕುಕ್ಕರಿನ ಮುಚ್ಚಳದ ಬೆಲೆಯೂ ಆಗಲಿಲ್ಲ. ಅಷ್ಟಕ್ಕೇ ನಂಬುವವಳಲ್ಲ ನಾನು, ಅಂಗಡಿಯವರು ಕುಡಿಯುವ ಹೂಜಿಯ ನೀರಿಗೇ ಹನಿ ಹಾಕಿಸಿ ನೋಡಿದೆ.

"ಯಾವ ಕಾಲೇಜು ಮೇಡಂ ನಿಮ್ಮದು?" ಎಂದು ಕೇಳಿದರು.

"ನಮ್ಮ ಮನೆ ಹಿತ್ತಲು" ಎಂದೆ.

ಕಿಟ್ಟು ಬಂದ ಮೇಲೆ ಗೊತ್ತಾಯಿತು, ಬಣ್ಣ ತಾಳೆ ನೋಡುವುದರಲ್ಲಿ ನಾನು ಪೆದ್ದಿ. ಚೀಟಿಯ ಮೇಲಿನ ಹಸಿರುಗಳೆಲ್ಲ ನನಗೆ ಹಸಿರೇ. ಅತ್ತೆ ಬಂದು ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಬಿಸಿಲಿಗೆ ಹಿಡಿದರು. "ಇದು ಎಲೆಹಸಿರು. ಅದು ಗಿಳಿಹಸಿರು. ಅದರ ಪಕ್ಕದ್ದು ನವಿಲು ಬಣ್ಣ. ಇಷ್ಟೂ ಗೊತ್ತಾಗಲ್ವೇನೇ? ಸೀರೆ ಅಂಗಡಿಗೆ ನಿನ್ನೊಬ್ಬಳನ್ನೇ ಕಳಿಸಬಾರದು" ಎಂದರು. ಅಂದಿನಿಂದ ಹನಿ ಹಾಕುವುದು ನಾನು, ಬಣ್ಣ ಹೇಳುವುದು ಅವರು. ಶುಕ್ರವಾರ ಎಲೆಹಸಿರು, ಶನಿವಾರ ಎಲೆಹಸಿರು, ಭಾನುವಾರವೂ. ಅಮೋನಿಯಾದ ಕೊಳವೆ ತಿಳಿಯಾಗಿಯೇ ಇತ್ತು. ಕ್ಲೋರಿನ್ ಇರಲೇ ಇಲ್ಲ. ನಾವಿಬ್ಬರೂ ಎರಡು ಹೊತ್ತೂ ತೊಟ್ಟಿಯ ಬಳಿಯೇ ಇರುತ್ತಿದ್ದೆವು. ಮದುವೆಯಾಗಿ ಬಂದ ಅಷ್ಟು ವರ್ಷದಲ್ಲಿ ನಾವು ಅಷ್ಟು ನಕ್ಕಿರಲಿಲ್ಲ. ಗಂಡ ಮಾತ್ರ, "ಅತ್ತೆ ಸೊಸೆ ಒಂದಾದರೆ ಮೇಸ್ತ್ರಿಗೆ ಕೆಲಸ ಇಲ್ಲ ಅನ್ಕೋಬೇಡಿ" ಎಂದು ಹೆದರಿಸುತ್ತಲೇ ಇದ್ದರು.

ಸೋಮವಾರ ಬೆಳಿಗ್ಗೆ ಎಲೆಹಸಿರು. ಸಂಜೆ ಶಾಲೆಯಿಂದ ಬಂದು ಪಟ್ಟಿ ಅದ್ದಿ ಅತ್ತೆಯ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

"ನವಿಲು ಬಣ್ಣ" ಎಂದರು.

ನಾನು ಕುಣಿದಾಡಿಬಿಟ್ಟೆ. ಸಿಕ್ಕಿಬಿತ್ತು! ಚೀಟಿಯಲ್ಲಿ ನವಿಲು ಬಣ್ಣ ಎಂದರೆ ಕ್ಷಾರ. "ಅಂದ್ರೆ ಬೆಳಗಿಂದ ಸಂಜೆಯೊಳಗೇ ಏನೋ ಬಿದ್ದಿದೆ ಅತ್ತೆ! ಯಾರು ಬಂದಿದ್ರು ಹೇಳಿ. ಪಕ್ಕದ ಮನೆಯ ಸೋಪಿನ ನೀರು ಹರೀತಾ? ಇವರೇನಾದ್ರೂ ಸ್ಕೂಟರ್ ತೊಳೆದ್ರಾ?" ಪೊಲೀಸಿನವರ ಥರ ಸೆರಗು ಸಿಕ್ಕಿಸಿಕೊಂಡು ಹಿತ್ತಲೆಲ್ಲ ಹುಡುಕಿದೆ. ಅತ್ತೆ ಒಳಗೆ ಹೋಗಿ ದೇವರಮನೆಯಿಂದ ತಾಮ್ರದ ಚೊಂಬು ತಂದರು. ತಳದಲ್ಲಿ ಬೆಳಗಿನ ಅಭಿಷೇಕದ ನೀರು ಸ್ವಲ್ಪ ಉಳಿದಿತ್ತು, ವಿಭೂತಿ ಬೆರೆತು ಬೆಳ್ಳಗಿತ್ತು.

"ಇದಕ್ಕೂ ಅದ್ದು" ಎಂದರು.

ಲಿಂಗಕ್ಕೆ ಎರೆದ ನೀರನ್ನು ಕಂಡಲ್ಲಿ ಚೆಲ್ಲುವಂತಿಲ್ಲ, ಯಾರೂ ತುಳಿಯದ ಜಾಗದಲ್ಲಿ ಹಾಕಬೇಕು. ಅತ್ತೆ ಅದನ್ನು ತೊಟ್ಟಿಗೆ ಹಾಕುತ್ತಿದ್ದರು. ಎರಡು ವರ್ಷದಿಂದ ನನ್ನ ಕಣ್ಣೆದುರೇ ಹಾಕುತ್ತಿದ್ದರು. ಉಳಿದ ದಿನ ಬರೀ ನೀರು, ಆದರೆ ಆ ಶ್ರಾವಣದಿಂದ ಸೋಮವಾರ ಸೋಮವಾರ ಹಾಲು, ಹಿಡಿ ತುಂಬ ವಿಭೂತಿಯ ಅಭಿಷೇಕವನ್ನೂ ಹಿಡಿದಿದ್ದರು. ಬೂದಿ ನೀರನ್ನು ಕ್ಷಾರ ಮಾಡುತ್ತಿತ್ತು, ಹಾಲು ಕೊಳೆತು ಅಮೋನಿಯಾ ಆಗುತ್ತಿತ್ತು, ಎರಡೂ ಸೇರಿದರೆ ಮೀನಿಗೆ ವಿಷ. ಪಟ್ಟಿ ಅದ್ದಿದೆ. ನವಿಲು ಬಣ್ಣವನ್ನೂ ದಾಟಿ ಕಡುನೀಲಿಗೆ ಹೋಯಿತು. ಹೇಳುವ ಕಷ್ಟ ನನಗೆ ಬರಲಿಲ್ಲ, ಬಣ್ಣ ನೋಡುವವರು ಅವರೇ ಆಗಿದ್ದರು.

"ಪುಣ್ಯ ಬರಲಿ ಅಂತ ಹಾಕ್ತಿದ್ದೆ ಕಣೆ, ಅವಕ್ಕೆ" ಎಂದರು ಅತ್ತೆ. ನನ್ನ ಕುಣಿತವೆಲ್ಲ ಕಾಲಲ್ಲೇ ನಿಂತಿತು.

ಆಗಲೇ ಬಕೆಟ್ಟಿನಲ್ಲಿ ನೀರು ಎತ್ತಲು ಶುರುಮಾಡಿದೆವು. ಆದರೂ ಮಂಗಳವಾರ ಬೆಳಿಗ್ಗೆ ಒಂದು ತೇಲಿತು. ಐದು ಉಳಿದವು. ಹಿಡಿದಿಟ್ಟಿದ್ದ ನೀರು ಹಾಕುತ್ತ, ಹನಿ ಹಾಕುತ್ತ ಇಡೀ ದಿನ ಕಳೆದೆವು. ನಾನು ಶಾಲೆಗೆ ರಜೆ ಹಾಕಿದ್ದೆ.

ಬುಧವಾರ ಮೇಸ್ತ್ರಿ ಗುದ್ದಲಿ ಹಿಡಿದು ಬಂದ. ಗಂಡ ತೊಟ್ಟಿಯ ಕಡೆ ಕೈ ತೋರಿಸಿದರು. ಐದು ಮೀನುಗಳೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಅತ್ತೆ ಕಟ್ಟೆಯಿಂದ ಏಳಲಿಲ್ಲ.

"ತೊಟ್ಟಿ ಮುಚ್ಚೋದು ಬೇಡ" ಎಂದರು ಮಗನಿಗೆ, ಮೇಸ್ತ್ರಿಯ ಎದುರೇ. "ತಪ್ಪು ತೊಟ್ಟೀದಲ್ಲ. ಪೂಜೆ ನೀರು ಹಾಕಿ ಒಂಬತ್ತು ಮೀನು ಕೊಂದವಳು ನಾನು. ಈ ಐದನ್ನಾದ್ರೂ ನಾನು ಉಳಿಸ್ಕೋಬೇಕು."

ಗಂಡ ಮೇಸ್ತ್ರಿಯನ್ನು ಕಾಂಪೌಂಡಿನ ಕಡೆ ಕರೆದುಕೊಂಡು ಹೋದರು. ನನಗೆ ಗೆದ್ದ ಖುಷಿ ಉಕ್ಕಿತು, ಸುಳ್ಳು ಹೇಳುವುದಿಲ್ಲ. ಆ ಖುಷಿಯ ಮಧ್ಯದಲ್ಲೇ ಒಂದು ನೆನಪು ನುಗ್ಗಿ ಬಂತು. ಹೊಸಮನೆ ಬಡಾವಣೆಯ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದ ಮೊದಲ ವಾರ, ಗಿಡವೊಂದೂ ಇಲ್ಲದ ಈ ಸಿಮೆಂಟು ಹಿತ್ತಲಿನಲ್ಲಿ ಅತ್ತೆ ಚೊಂಬು ಹಿಡಿದು ಎಲ್ಲಿ ಹಾಕಲಿ ಎಂದು ತೋಚದೆ ನಿಂತಿದ್ದರು. ಶಾಲೆಗೆ ಹೊತ್ತಾಗಿ ಓಡುತ್ತಿದ್ದ ಒಬ್ಬಳು ತಿರುಗಿಯೂ ನೋಡದೆ, "ಆ ತೊಟ್ಟಿಗೆ ಹಾಕಿ ಅತ್ತೆ, ಅಲ್ಲಿ ಯಾರು ತುಳೀತಾರೆ?" ಎಂದು ಕೂಗಿದ್ದಳು.

"ಅತ್ತೆ" ಎಂದೆ. "ತೊಟ್ಟಿಗೆ ಹಾಕಿ ಅಂತ ಹೇಳಿದ್ದು ನಾನು."

"ಗೊತ್ತು" ಎಂದರು ಅವರು, ಕಾಂಪೌಂಡಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ. "ಅವನಿಗೆ ಯಾಕೆ ಹೇಳಬೇಕು? ಸುಮ್ನೆ ಹನಿ ಹಾಕು."