ಡ್ರಮ್ಮಿಗೆ ಸುರಿದ ಔಷಧಿ

ಭಾವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಅಕ್ಕನನ್ನು ಕೊಟ್ಟಿದ್ದು ಇಡಗುಂದಿಯ ಹತ್ತಿರ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಬಾಯಿಬಿಟ್ಟು ಕೇಳಿ, ಶುಂಠಿ ಹಾಕಲು ಒಂದು ತುಂಡು ಗದ್ದೆ ಪಡೆದಿದ್ದಳು. ಭಾವ ಒಪ್ಪಿದ್ದೇನೋ ಹೌದು. ಆದರೆ ಶುಂಠಿ ಕೈಕೊಟ್ಟರೆ ಮುಂದಿನ ವರ್ಷ ಅಲ್ಲಿ ಅಡಿಕೆ ಸಸಿ ನೆಡುವುದೆಂದು ಮೊದಲೇ ಹೇಳಿಟ್ಟಿದ್ದರು.

ಮಳೆಗಾಲದ ನಡುವೆ ಗಿಡಗಳು ಹಸಿರಿದ್ದಂತೆಯೇ ಬಾಡತೊಡಗಿದವು. ಸುದ್ದಿ ಕೇಳಿ ನಾನಿರುವ ಇಸಳೂರಿನಿಂದ ಹೋದೆ. ಒಂದು ದಂಟು ಕೊಯ್ದು ಗಾಜಿನ ಲೋಟದ ನೀರಿಗೆ ಇಳಿಬಿಟ್ಟೆ. ಕೊಯ್ದ ಜಾಗದಿಂದ ಹಾಲಿನಂಥ ಬಿಳಿ ಎಳೆ ಇಳಿಯಿತು. ಬ್ಯಾಕ್ಟೀರಿಯಾದ ರೋಗದ ಗುರುತು ಅಂದರೆ ಇದೇ.

ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಇಂಥದ್ದಕ್ಕೇ ಪೆಪ್ಟೈಡ್ ತಯಾರಿಸುತ್ತೇವೆ. ಪ್ರೊಟೀನಿನ ಸಣ್ಣ ತುಣುಕು ಅದು, ಬ್ಯಾಕ್ಟೀರಿಯಾದ ಮೈಗೆ ತೂತು ಕೊರೆದು ಕೊಲ್ಲುತ್ತದೆ. ಪ್ರಯೋಗಕ್ಕೆ ಗದ್ದೆ ಹುಡುಕುತ್ತಿದ್ದರು, ಒಪ್ಪಿಗೆ ಪಡೆದು ಅಕ್ಕನಿಗೊಂದು ಬಾಟಲಿ ತಂದುಕೊಟ್ಟೆ. ಬಾಡದ ಸಾಲುಗಳ ಬುಡಕ್ಕೆ ಬರೀ ನೀರಿನಲ್ಲಿ ಕಲಸಿ ಹಾಕು, ಬೇರೇನೂ ಸೇರಿಸಬೇಡ ಎಂದು ಬಿಡಿಸಿ ಹೇಳಿದೆ. ಗಿಡ ಉಳಿದೇ ಉಳಿಯುತ್ತದೆಂದು ಮಾತು ಕೊಡಲಿಲ್ಲ.

ಆ ದಿನ ಭಾವನ ತೋಟದಲ್ಲಿ ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸವಿತ್ತು. ಡ್ರಮ್ಮಿನಲ್ಲಿ ಸುಣ್ಣ, ಮೈಲುತುತ್ತ ಕಲಸಿಟ್ಟಿತ್ತು. ನಮ್ಮ ಕಡೆಯ ಗಂಡಸರಿಗೆ ಆ ನೀಲಿ ನೀರಿನ ಮೇಲೆ ಇರುವಷ್ಟು ನಂಬಿಕೆ ದೇವರ ಮೇಲೂ ಇಲ್ಲ. ಅಕ್ಕ ಒಳಗಿದ್ದಾಗ ಭಾವ ಬಾಟಲಿಯನ್ನು ಡ್ರಮ್ಮಿಗೆ ಸುರಿದು, ಶುಂಠಿಗೂ ತಾವೇ ಹೊಯ್ದು ಬಂದರು. ನಾನು ಕೇಳಿದಾಗ ನಗುತ್ತಲೇ ಹೇಳಿದರು: "ಬರೀ ನೀರಲ್ಲಿ ಎಂತ ಶಕ್ತಿ ಇರ್ತು? ಮೈಲುತುತ್ತ ಸೇರಿದ್ರೇ ಗಟ್ಟಿ."

ಮೈಲುತುತ್ತದ ಅಷ್ಟು ತಾಮ್ರ, ಅಷ್ಟು ಸುಣ್ಣದಲ್ಲಿ ಬಿದ್ದ ಪೆಪ್ಟೈಡ್ ಕೆಲಸಕ್ಕೆ ಬಾರದು. ಗದ್ದೆ ಪೂರ್ತಿ ಬಾಡಿತು. ಭಾವ ಬೇಕೆಂದು ಹಾಗೆ ಮಾಡಲಿಲ್ಲ, ನನಗೆ ಗೊತ್ತು. ಒಳ್ಳೆಯದಾಗಲಿ ಎಂದೇ ಮಾಡಿದರು. ಅದಕ್ಕೇ ಮೈ ಉರಿಯುತ್ತದೆ. ಔಷಧಿ ಸೋತಿದ್ದರೆ ಸೋತಿತು ಎಂದು ಒಪ್ಪಿಕೊಳ್ಳುತ್ತಿದ್ದೆ. ಸೋಲುತ್ತಿತ್ತೋ ಗೆಲ್ಲುತ್ತಿತ್ತೋ, ಈಗ ತಿಳಿಯುವುದು ಹೇಗೆ? ಊರಿಗೆಲ್ಲ ಮಾತ್ರ ಅವರು ಲ್ಯಾಬಿನ ಔಷಧಿ ಉಪಯೋಗಕ್ಕಿಲ್ಲ ಎಂದು ಸಾರಿಕೊಂಡು ಬಂದರು. ಅಕ್ಕನ ಗದ್ದೆಯಲ್ಲಿ ಅಡಿಕೆಗೆ ಗುಂಡಿಯೂ ತೋಡಿಸಿದರು. ಅಕ್ಕ ತುಟಿ ಬಿಚ್ಚಲಿಲ್ಲ. ಅವಳ ಮೇಲೂ ನನಗೆ ಸಿಟ್ಟು ಬಂದಿತ್ತು.

ಹೋದ ವಾರ ಅವರ ಮನೆಗೆ ಹೋದಾಗ, ಚಹಾ ಕುಡಿಯುತ್ತ ಭಾವ ವೀಳ್ಯದೆಲೆಗೆ ಚುಕ್ಕಿ ಬಿದ್ದಿದೆ ಎಂದರು. ಆ ಔಷಧಿ ಇನ್ನೊಂದು ಬಾಟಲಿ ಸಿಕ್ಕೀತೇ ಎಂದು ಕೇಳಿದರು. ನಾಚಿಕೆಯ ಸುಳಿವೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಲೋಟ ಕೆಳಗಿಟ್ಟಳು.

"ಅದು ಎನ್ನ ಶುಂಠಿಗೆ ಬಂದ ಔಷಧಿ. ಮೊದ್ಲು ಎನ್ನ ಗದ್ದೆ ಕೊಡಿ, ಆಮೇಲೆ ಕೇಳಿ."

ಭಾವ ತಟ್ಟನೆ ತಿರುಗಿ ನನ್ನ ಮುಖ ನೋಡಿದರು, ಆ ಮಾತನ್ನು ಆಡಿದವಳು ನಾನೇ ಎಂಬಂತೆ.